ಕಡೇ ತೂಬಿನ ನೀಲಿ: ಶ್ರೀಮತಿ ಇಫ್ಫತ್ ಉನ್ನಿಸಾ ಅವರ ಕಾಲುವೆ ಚಿತ್ರಗಳು

ಕೋಟಿಗಟ್ಟಲೆ ಅಂಕಿಗಳನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನ ನೆರವಿನಿಂದ ಕಣ್ಣಿಗೆ ಕಾಣುವ ಚಿತ್ರವಾಗಿಸುವ ವಿದ್ಯೆ ದೊಡ್ಡ ನಗರಗಳ ದೊಡ್ಡ ಸಂಸ್ಥೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ವಿದ್ಯೆಯನ್ನು ಶ್ರೀರಂಗಪಟ್ಟಣದ ಎರಡು ಕೋಣೆಯ ಕಚೇರಿಯೊಂದಕ್ಕೆ ತಂದು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಕಾಲುವೆ, ತೂಬು, ಕೆರೆಗಳ ಸೇವೆಗೆ ನಿಲ್ಲಿಸಿದವರು ಶ್ರೀಮತಿ ಇಫ್ಫತ್ ಉನ್ನಿಸಾ ಅವರು. ಮೂವತ್ತಾರು ವರ್ಷಗಳ ಸೇವೆಯ ಬಳಿಕ ಈ ವರ್ಷ ಅವರು ನಿವೃತ್ತರಾಗಿದ್ದಾರೆ. ನಮ್ಮ ನಾಲ್ಕು ತಾಲ್ಲೂಕು ಜಲದತ್ತಾಂಶ ಚಿತ್ರಣ ಕೇಂದ್ರವನ್ನು ಕಟ್ಟಿದವರೂ ಅವರೇ, ಅದರ ಚಿತ್ರಗಳನ್ನು ರೈತರು ನಂಬುವಂತೆ ಮಾಡಿದವರೂ ಅವರೇ.

ಅವರ ಈ ಅಭಿನಂದನ ಸಂಪುಟಕ್ಕೆ ಒಂದು ಲೇಖನ ಬೇಕೆಂದು ಸಂಪಾದಕರಾದ ಶ್ರೀ ನಾಗಾರ್ಜುನ ಅವರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಸಂಜೆ ಕಾಲೇಜಿನಲ್ಲಿ ಓದಿದವನು ನಾನು. ಈ ಸಂಪುಟದ ಉಳಿದ ಲೇಖಕರ ಹಾಗೆ ಶಾಸ್ತ್ರದ ವಿಷಯವನ್ನು ನಿಖರವಾಗಿ ಬರೆಯಬಲ್ಲೆನೇ ಎಂಬ ಅನುಮಾನ ನನಗೆ ಈಗಲೂ ಇದೆ; ಈ ಪುಟಗಳನ್ನು ಮೂರು ಸಲ ಬರೆದು ಹರಿದಿದ್ದೇನೆ. ಆದರೂ ಬರೆಯಲೇಬೇಕಾದ ಕಾರಣವೊಂದಿದೆ. ಮೇಡಂ ಅವರ ಸೇವಾ ಕಡತದಲ್ಲಿ ೨೦೧೮ನೇ ಇಸವಿಯ ಒಂದು ಟಿಪ್ಪಣಿ ಇದೆ. ‘ಚಿತ್ರ ತಯಾರಿಕೆಯಲ್ಲಿ ಮುಖ್ಯಸ್ಥರ ಲೋಪದಿಂದ ಸಮಿತಿಗೆ ತಪ್ಪು ಮಾಹಿತಿ ಹೋಗಿರುತ್ತದೆ’ ಎಂದು ಅದರಲ್ಲಿ ಬರೆದಿದೆ. ಆ ಲೋಪ ಮಾಡಿದವನು ನಾನು. ಏಳು ವರ್ಷ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಅವರನ್ನು ಅಭಿನಂದಿಸುವ ಪುಸ್ತಕದಲ್ಲಿ ಅವರ ಹೆಸರಿಗಂಟಿದ ಆ ಒಂದು ಸಾಲನ್ನು ಹಾಗೆಯೇ ಬಿಟ್ಟು ಉಳಿದುದನ್ನೆಲ್ಲ ಹೊಗಳಿ ಬರೆಯುವುದು ನನ್ನಿಂದಾಗದು.

ಇಫ್ಫತ್ ಮೇಡಂ ಹುಟ್ಟಿದ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಅವರ ತಂದೆ ದಿವಂಗತ ಪೀರ್ ಅಹಮದ್ ಅವರು ಬಣ್ಣದ ಕೆಲಸದವರು. ಅಂಗಡಿ ಬೋರ್ಡು, ಲಾರಿಗಳ ಹಿಂಬದಿ ಇವುಗಳ ಜೊತೆಗೆ ನೀರಾವರಿ ಕಚೇರಿಯಿಂದ ಅವರಿಗೆ ವರ್ಷಕ್ಕೊಂದು ಕೆಲಸ ಕಾಯಂ ಆಗಿ ಬರುತ್ತಿತ್ತು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗ ಒಣಗಿದ ಕಾಲುವೆಯೊಳಕ್ಕೆ ಇಳಿದು, ತೂಬಿನ ಗೋಡೆಯ ಮೇಲೆ ನೀರಿನ ಮಟ್ಟ ಅಳೆಯುವ ಅಡಿ-ಅಂಗುಲದ ಪಟ್ಟಿಯನ್ನು ಅವರು ಹೊಸದಾಗಿ ಬರೆಯುತ್ತಿದ್ದರು. ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣ ಮುಟ್ಟುತ್ತಿರಲಿಲ್ಲವಂತೆ. ನಡುವೆ ಒಂದು ಕೆಂಪು ಗೆರೆ ಎಳೆದರೆ ನೋಡುವವರು ಅಲ್ಲೇನೋ ಅಪಾಯವಿದೆ ಎಂದುಕೊಳ್ಳುತ್ತಾರೆ, ನೀರಿಗೆ ಅಲ್ಲಿ ಯಾವ ಮೆಟ್ಟಿಲೂ ಇರುವುದಿಲ್ಲ ಎನ್ನುವುದು ಅವರ ವಾದ. ಮಗಳು ಮೈಸೂರಿನಲ್ಲಿ ಗಣಿತ ಓದಿ, ೧೯೮೯ರಲ್ಲಿ ನಕ್ಷೆ ಬರೆಯುವ ಹುದ್ದೆಗೆ ಸೇರಿ, ಮುಂದೆ ಬೆಂಗಳೂರಿನಲ್ಲಿ ಗ್ರಾಫಿಕ್ಸ್ ತರಬೇತಿ ಪಡೆದು ಬಂದ ಮೇಲೆ ನಮಗೆ ಕಲಿಸಿದ ಮೊದಲ ಪಾಠವೂ ಇದೇ ಆಗಿತ್ತು. ಕಾಮನಬಿಲ್ಲಿನ ಎಲ್ಲ ಬಣ್ಣಗಳನ್ನೂ ಒಂದು ಚಿತ್ರಕ್ಕೆ ಸುರಿದರೆ ಹಳದಿ ಇರುವಲ್ಲಿ ಇಲ್ಲದ ಗಡಿಯೊಂದು ಹುಟ್ಟಿಕೊಳ್ಳುತ್ತದೆ. ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಕೊಂಡೊಯ್ದರೆ ಹೆಚ್ಚು ಕಡಿಮೆ ಎಷ್ಟಿದೆಯೋ ಅಷ್ಟೇ ಕಾಣುತ್ತದೆ. ನಮ್ಮ ಕೇಂದ್ರದ ಚಿತ್ರಗಳೆಲ್ಲ ನೀಲಿಯಲ್ಲಿಯೇ ಇರುವುದಕ್ಕೆ ಇದು ಕಾರಣ.

ಅವರು ನನ್ನನ್ನು ಕೆಲಸಕ್ಕೆ ಆರಿಸಿದ ರೀತಿಯನ್ನು ಹೇಳದೆ ಮುಂದೆ ಹೋಗಲಾರೆ. ನಾನು ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯವನು. ಆಗ ದಿನಗೂಲಿಯ ಮೇಲೆ ತೂಬುಗಳ ನೀರಿನ ಮಟ್ಟ ಬರೆದುಕೊಂಡು ಬರುವ ಕೆಲಸದಲ್ಲಿದ್ದೆ. ಹತ್ತಿರದ ತೂಬುಗಳನ್ನು ದಿನವೂ ನೋಡುತ್ತಿದ್ದೆವು. ನಾಗಮಂಗಲದಾಚೆ ದೇವಲಾಪುರ ಹೋಬಳಿಯಲ್ಲಿ ಕಾಲುವೆಯ ಕೊನೆಗಿರುವ ಕಡೇ ತೂಬುಗಳು ದೂರವಾದ್ದರಿಂದ ಅವುಗಳನ್ನು ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ ಆರು ಗಂಟೆಗೆ ಅಳೆಯುವುದು ಬಹಳ ಹಿಂದಿನಿಂದ ಬಂದ ಪದ್ಧತಿ. ೨೦೧೦ರಲ್ಲಿ ಹೊಸ ಕೇಂದ್ರಕ್ಕೆ ಅಂಕಿ ತುಂಬುವವರು ಬೇಕೆಂದು ಮೇಡಂ ನಮ್ಮೆಲ್ಲರ ರಿಜಿಸ್ಟರುಗಳನ್ನು ತರಿಸಿ ನೋಡಿದರು. ನನ್ನ ರಿಜಿಸ್ಟರಿನಲ್ಲಿ ಅಲ್ಲಲ್ಲಿ ಅಂಕಿ ಬರೆಯುವ ಮನೆಗಳು ಖಾಲಿ ಇದ್ದವು. ನನ್ನನ್ನು ಕರೆದು, “ಈ ಸೋಮವಾರ ಯಾಕಪ್ಪ ಖಾಲಿ?” ಎಂದು ಕೇಳಿದರು.

“ಬಸ್ಸು ಕೆಟ್ಟೋಗಿತ್ತು ಮೇಡಂ. ಓಗಿಲ್ಲ.”

“ಉಳಿದೋರದ್ದೆಲ್ಲ ಒಂದು ಮನೆನೂ ಖಾಲಿ ಇಲ್ಲ. ಅವ್ರ ಬಸ್ಸು ಯಾವತ್ತೂ ಕೆಡಲ್ವಾ?”

ಹೋಗದಿದ್ದ ವಾರ ಹಿಂದಿನ ವಾರದ ಅಂಕಿಯನ್ನೇ ಬರೆಯುವುದು ನಮ್ಮಲ್ಲಿ ರೂಢಿ ಎಂದು ಜೊತೆಯವರ ಮೇಲೆ ದೂರು ಹೇಳುವುದು ನನಗೆ ಆಗಲಿಲ್ಲ. ಅವರು ರಿಜಿಸ್ಟರು ಮುಚ್ಚಿ, “ಖಾಲಿ ಬಿಡೋಕೆ ಗೊತ್ತಿರೋನು ಬೇಕು ನಂಗೆ. ಒಂದನೇ ತಾರೀಖು ಬಾ,” ಎಂದರು.

ಹೀಗೆ ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ಸೇರಿದೆ. ಗುತ್ತಿಗೆ ಮುಗಿದಂತೆಲ್ಲ ಹೊಸದಾಗಿ ಬರೆಸಿಕೊಡುತ್ತಿದ್ದರು. ನಾನು ಮೈಸೂರಿನ ಸಂಜೆ ಕಾಲೇಜಿಗೆ ಸೇರಿದ್ದು ಅವರ ಒತ್ತಾಯದಿಂದಲೇ. ದಿನವೂ ನಾಲ್ಕೂವರೆಗೆ ಮೇಜಿನಿಂದ ತಲೆಯೆತ್ತಿ, “ಇನ್ನೂ ಇಲ್ಲೇ ಇದೀಯಾ? ಬಸ್ಸು ನಿಮ್ಮ ಮಾವಂದಾ ಕಾಯೋಕೆ?” ಎನ್ನುತ್ತಿದ್ದರು. ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ನಾನು ಫೇಲಾದಾಗ ಓದು ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದೆ. ಅವರು ಎರಡು ತಿಂಗಳು ಮಧ್ಯಾಹ್ನದ ಊಟದ ಹೊತ್ತನ್ನು ನನಗೆ ಕೊಟ್ಟರು. ಡಬ್ಬಿಯ ಮುಚ್ಚಳದಲ್ಲಿ ಮೊಟ್ಟೆಪಲ್ಯ ಹಾಕಿಕೊಟ್ಟು, ಇನ್ನೊಂದು ಕೈಯಲ್ಲಿ ಹಾಳೆಯ ಹಿಂಬದಿಗೆ ಲೆಕ್ಕ ಬರೆದು ಕೊಡುತ್ತಿದ್ದರು. ಎರಡನೇ ಸಲ ಐವತ್ತೊಂದು ಅಂಕ ಬಂತು. ಅವರು ಅಭಿನಂದಿಸಲಿಲ್ಲ, ಉಳಿದ ನಲವತ್ತೊಂಬತ್ತು ಎಲ್ಲಿ ಹೋಯಿತೆಂದು ಉತ್ತರ ಪತ್ರಿಕೆಯನ್ನು ನೆನಪಿನಿಂದ ಬರೆಸಿ ನೋಡಿದರು.

೨೦೧೨ರ ಜನವರಿಯಲ್ಲಿ ನಮ್ಮ ವ್ಯಾಪ್ತಿಯ ಇನ್ನೂರ ಹನ್ನೆರಡು ತೂಬುಗಳಿಗೂ ಸೆನ್ಸರು ಕೂರಿಸಲಾಯಿತು. ಅವು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಬರೆದಿಡುತ್ತವೆ. ಆರು ವರ್ಷಕ್ಕೆ ಒಂದು ತೂಬಿನಿಂದ ಮೂವತ್ತೊಂದೂವರೆ ಲಕ್ಷ, ಎಲ್ಲ ಸೇರಿ ಸುಮಾರು ಅರವತ್ತೇಳು ಕೋಟಿ ಅಂಕಿಗಳು. ಇಷ್ಟನ್ನು ಯಾರೂ ಓದಲಾರರು. ಒಂದು ಪರದೆಯ ಅಗಲದಲ್ಲಿ ಎರಡು ಸಾವಿರ ಚುಕ್ಕೆಗಳೂ ಹಿಡಿಸುವುದಿಲ್ಲ. ಆದ್ದರಿಂದ ಕೋಟಿಯನ್ನು ಸಾವಿರಕ್ಕೆ ಇಳಿಸಲೇಬೇಕು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವುದರಲ್ಲಿಯೇ ಈ ವಿದ್ಯೆಯ ಹೆಚ್ಚುಪಾಲು ಇದೆ. ಮೇಡಂ ಇದನ್ನು ಅಂತಸ್ತುಗಳ ಕ್ರಮದಲ್ಲಿ ಮಾಡಿಸುತ್ತಿದ್ದರು. ಕೆಳಗಿನ ಅಂತಸ್ತಿನಲ್ಲಿ ನಿಮಿಷದ ಅಂಕಿಗಳು, ಅದರ ಮೇಲೆ ಗಂಟೆಯವು, ಅದರ ಮೇಲೆ ದಿನದವು, ಎಲ್ಲಕ್ಕಿಂತ ಮೇಲೆ ವಾರದವು. ನೋಡುವವರು ದೂರದಿಂದ ನೋಡಿದರೆ ಮೇಲಿನ ಅಂತಸ್ತು, ಹತ್ತಿರಕ್ಕೆ ಬಂದಂತೆಲ್ಲ ಕೆಳಗಿನದು ತೆರೆದುಕೊಳ್ಳುತ್ತದೆ. ಸೆನ್ಸರು ಕೆಟ್ಟ ಕಡೆ ಅಕ್ಕಪಕ್ಕದ ಅಂಕಿಗಳಿಂದ ಊಹಿಸಿ ತುಂಬುವುದನ್ನು ಅವರು ಒಪ್ಪುತ್ತಿರಲಿಲ್ಲ. ಅಂಥ ಜಾಗ ಬೂದುಬಣ್ಣದಲ್ಲಿ ಖಾಲಿಯಾಗಿ ಉಳಿಯಬೇಕು.

೨೦೧೮ರ ಫೆಬ್ರವರಿಯಲ್ಲಿ ನೀರು ಹಂಚಿಕೆಯ ಸಮಿತಿ ಆರು ವರ್ಷದ ಒಟ್ಟು ಚಿತ್ರವನ್ನು ಕೇಳಿತು. ಕಡೇ ತೂಬಿನ ರೈತರು ತಮಗೆ ವಾರದಲ್ಲಿ ಇನ್ನೆರಡು ದಿನದ ಸರದಿ ಬೇಕೆಂದು ಅರ್ಜಿ ಕೊಟ್ಟಿದ್ದರು. ಅದನ್ನು ಈ ಚಿತ್ರ ನೋಡಿ ತೀರ್ಮಾನಿಸುವುದಿತ್ತು. ಮೇಡಂ ಆಗ ಸಂತೆಬಾಚಹಳ್ಳಿ ಕಡೆಯ ಸೆನ್ಸರುಗಳ ರಿಪೇರಿಗಾಗಿ ತಿರುಗಾಟದಲ್ಲಿದ್ದರು. ಮೇಲಿನ ಅಂತಸ್ತನ್ನು ಕಟ್ಟುವ ಕೆಲಸ ನನ್ನದಾಯಿತು. ವಾರದ ಹತ್ತು ಸಾವಿರದ ಎಂಬತ್ತು ಅಂಕಿಗಳಲ್ಲಿ ಒಂದನ್ನು ಆರಿಸಬೇಕಿತ್ತು. ನಾನು ಸೋಮವಾರ ಬೆಳಗ್ಗೆ ಆರು ಗಂಟೆಯದನ್ನು ಆರಿಸಿದೆ. ಉದಾಸೀನದಿಂದ ಮಾಡಿದ ಆಯ್ಕೆಯಲ್ಲ ಅದು. ಹಳೆಯ ರಿಜಿಸ್ಟರುಗಳಿಗೂ ಹೊಸ ಸೆನ್ಸರುಗಳಿಗೂ ತಾಳೆ ನೋಡಲು ಬರಲಿ ಎಂದು ಯೋಚಿಸಿಯೇ ಮಾಡಿದೆ. ತಾಳೆ ನೋಡಿದೆ. ಚೆನ್ನಾಗಿ ಹೊಂದಿಕೆಯಾಯಿತು. ಚಿತ್ರದಲ್ಲಿ ದೇವಲಾಪುರದ ಕಡೇ ತೂಬುಗಳು ಆರು ವರ್ಷವೂ ಒಂದೇ ಸಮನೆ ಗಾಢ ನೀಲಿಯಾಗಿ ಬಂದವು. ಮೇಡಂ ಬಂದು ನೋಡಿ, “ಇಷ್ಟು ನೀಲಿ ಇದೆಯಾ ಅಲ್ಲಿ?” ಎಂದರು. ಹಳೆಯ ರಿಜಿಸ್ಟರಿನ ಪುಟಗಳನ್ನು ಪಕ್ಕಕ್ಕಿಟ್ಟು ತೋರಿಸಿದೆ. ಅವರು ಸಹಿ ಹಾಕಿದರು. ಮಾರ್ಚಿನಲ್ಲಿ ಸಮಿತಿ ಆ ಚಿತ್ರ ನೋಡಿ, ಕಡೇ ತೂಬಿಗೆ ನೀರಿನ ಕೊರತೆ ಇಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು.

ಆಗಸ್ಟ್ ತಿಂಗಳ ಕೊನೆಯಲ್ಲಿ ದೇವಲಾಪುರ ಕಡೆಯಿಂದ ಎಂಟು ಹತ್ತು ಜನ ರೈತರು ಟೆಂಪೋ ಮಾಡಿಕೊಂಡು ನಮ್ಮ ಕಚೇರಿಗೆ ಬಂದರು. ಮುಂದೆ ನಿಂತವರು ದೊಡ್ಡತಾಯಮ್ಮ ಎಂಬ ಹಿರಿಯರು. ನಾಟಿಗೆಂದು ಬಿಟ್ಟಿದ್ದ ಒಟ್ಟಲು ಪೈರು ಒಣಗಿತ್ತು. ಸಮಿತಿಯವರು ಕೊಟ್ಟ ಚಿತ್ರದ ನಕಲನ್ನು ಸೆರಗಿನಿಂದ ತೆಗೆದು ಮೇಡಂ ಅವರ ಮೇಜಿನ ಮೇಲೆ ಹರಡಿದರು.

“ನೀನೇನವ್ವ ಇದ್ನ ಬರ್ದೋಳು?”

“ನಮ್ಮ ಕಚೇರಿದು ಅಮ್ಮ. ಕೂತ್ಕೊಳ್ಳಿ.”

“ಕೂತ್ಕಳಾಕ್ ಬಂದಿಲ್ಲ. ನಮ್ ತೂಬ್ನಲ್ಲಿ ಇಷ್ಟೊಂದ್ ನೀಲಿ ಬಳ್ದಿದ್ದೀರಲ್ಲ, ಅದ್ರಲ್ಲಿ ಎಲ್ಡ್ ಕೊಡ ತುಂಬ್ಸ್‌ಕೊಟ್ಬುಡಿ. ಟೆಂಪೋದಾಗೆ ಆಕ್ಕಂಡ್ ಓಯ್ತೀವಿ.”

ಹಿಂದೆ ನಿಂತವರು ನಕ್ಕರು. ಮೇಡಂ ನಗಲಿಲ್ಲ. ಸೆನ್ಸರಿನ ಅಂಕಿ ಸುಳ್ಳು ಹೇಳುವುದಿಲ್ಲವೆಂದು ನಾನು ನಡುವೆ ಬಾಯಿ ಹಾಕಿದೆ. ಆಗ ದೊಡ್ಡತಾಯಮ್ಮ ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿದರು.

“ಲೇ, ನೀನು ಸೋಮ್ವಾರ ಸೋಮ್ವಾರ ಬತ್ತಿದ್ದೋನಲ್ವೇನ್ಲಾ? ಬುಕ್ಕಿಡ್ಕಂಡು? ನಮ್ಮಟ್ಟೀಲಿ ಮಜ್ಗೆ ಕುಡ್ಕಂಡ್ ಓಯ್ತಿದ್ದೆ.”

“ಹೂಂ ಕಣವ್ವ.”

“ಸೋಮ್ವಾರ ಇರ್ತದೆ ಕಣ್ಲಾ ನೀರು. ಯಾರಿಲ್ಲ ಅಂದೋರು? ಮಂಗ್ಳಾರ ಬಂದ್ ನೋಡು, ಕಪ್ಪೆನೂ ಇರಾಕಿಲ್ಲ.”

ಮೇಡಂ ನಿಧಾನವಾಗಿ ನನ್ನ ಕಡೆ ನೋಡಿದರು. “ಚಲುವರಾಜು, ವಾರಕ್ಕೊಂದು ಅಂಕಿ ತಗೊಂಡ್ಯಲ್ಲ, ಯಾವ ದಿನದ್ದು?”

“ಸೋಮವಾರದ್ದು ಮೇಡಂ. ಬೆಳಗ್ಗೆ ಆರು ಗಂಟೆದು.”

ಬಂದವರಲ್ಲಿ ಕುಳ್ಳಯ್ಯ ಎಂಬವರಿದ್ದರು. ಆ ಭಾಗಕ್ಕೆ ತಲೆಮಾರಿನಿಂದ ನೀರುಗಂಟಿ, ಅಂದರೆ ತೂಬು ತೆಗೆದು ಮುಚ್ಚಿ ಸರದಿಯಂತೆ ನೀರು ಹಂಚುವವರು. ಉಳಿದುದನ್ನು ಅವರೇ ಬಿಡಿಸಿ ಹೇಳಿದರು. “ಸೋಮ್ವಾರ ಆಪೀಸ್ನೋರು ಅಳ್ಯಾಕ್ ಬತ್ತಾರೆ ಅಂತವ ಭಾನ್ವಾರ ಸಂಜಿಕೇ ಮ್ಯಾಗ್ಲು ತೂಬ್ಗೋಳ್ನ ಅಡ್ಡ ಆಕ್ಬುಡ್ತಿದ್ದೊ ಸ್ವಾಮಿ. ಕಡೇ ತೂಬಲ್ಲಿ ನೀರಿಲ್ಲ ಅಂದ್ರೆ ನಮ್ಗೆ ಬೈತಾರಲ್ಲ. ಅವ್ರು ಅಳ್ಕಂಡ್ ಓದ್ಮ್ಯಾಕೆ, ಮದ್ಯಾನಕ್ಕೆ ತಗೀತಿದ್ದೊ. ನಮ್ಮಪ್ಪನ್ ಕಾಲ್ದಿಂದ್ಲೂ ಅಂಗೇಯ. ಈಗ ಮಿಷನ್ನು ಬಂದ್ರೂವೆ ಅದೇ ಅಬ್ಯಾಸ.”

ನೀರು ಬರುವ ಹೊತ್ತಿನಲ್ಲಿಯೇ ಅಳೆಯುವುದು, ಅಳೆಯುವ ಹೊತ್ತಿಗೇ ನೀರು ಬರುವುದು, ಹೀಗೆ ಒಂದಕ್ಕೊಂದು ಕೂಡಿಕೊಂಡಿದ್ದ ಪದ್ಧತಿ ಅದು. ನಿಮಿಷಕ್ಕೊಮ್ಮೆ ಅಳೆಯುವ ಸೆನ್ಸರು ಆ ಪದ್ಧತಿಯನ್ನು ಮುರಿದಿತ್ತು. ವಾರದ ಉಳಿದ ಹತ್ತು ಸಾವಿರದ ಎಪ್ಪತ್ತೊಂಬತ್ತು ಅಂಕಿಗಳನ್ನು ಬದಿಗೆ ಸರಿಸಿ ಅದನ್ನು ಮತ್ತೆ ಜೋಡಿಸಿದವನು ನಾನು. ಸರದಿ ವಾರಕ್ಕೊಮ್ಮೆ ತಿರುಗುವಲ್ಲಿ ಅಂಕಿಯನ್ನೂ ವಾರಕ್ಕೊಮ್ಮೆ ಆರಿಸಿದರೆ ಸರದಿಯೇ ಕಾಣದೆ ಹೋಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬೇರೆ ಊರಿನ ಕಂಪ್ಯೂಟರಿನವನು ಬಹುಶಃ ಬೇರೆ ಯಾವುದೋ ದಿನವನ್ನು ಆರಿಸುತ್ತಿದ್ದ. ಸೋಮವಾರ ಬೆಳಗ್ಗೆ ಆರು ಗಂಟೆ ಎಂಬುದು ಅಳತೆಯ ಹೊತ್ತು ಎಂದು ಹತ್ತು ವರ್ಷ ಆ ದಾರಿಯಲ್ಲಿ ಓಡಾಡಿದ ನನ್ನಂಥವನಿಗೆ ಮಾತ್ರ ಅನ್ನಿಸಲು ಸಾಧ್ಯ.

ಸಮಿತಿಯ ಮುಂದಿನ ಸಭೆ ಪಾಂಡವಪುರದಲ್ಲಿ, ಹನ್ನೊಂದು ದಿನಕ್ಕೆ ಇತ್ತು. ಮೇಡಂ ರೈತರಿಗೆ, “ನಮ್ಮ ಚಿತ್ರ ತಪ್ಪಿದೆ. ಹನ್ನೊಂದು ದಿನದಲ್ಲಿ ಸರಿ ಮಾಡಿ ಸಭೆಗೆ ತರ್ತೀನಿ. ನೀವೂ ಬನ್ನಿ,” ಎಂದು ಹೇಳಿ ಕಳಿಸಿದರು. ಅವರು ಹೋದ ಮೇಲೆ ಕಪ್ಪುಹಲಗೆಯ ಮುಂದೆ ನಿಂತು ಹೊಸ ಕ್ರಮವನ್ನು ಬರೆದರು. ಇನ್ನು ಮುಂದೆ ಯಾವ ಅಂತಸ್ತಿನಲ್ಲೂ ಒಂದೇ ಅಂಕಿ ಉಳಿಯಕೂಡದು. ಆ ಅವಧಿಯ ಅತಿ ಕಡಿಮೆ, ಅತಿ ಹೆಚ್ಚು, ಮತ್ತು ನೀರು ಇದ್ದ ಹೊತ್ತು ಎಷ್ಟು ಎಂಬ ಮೂರೂ ಇರಬೇಕು. ಬಣ್ಣದ ಗಾಢತೆ ನೀರು ಇದ್ದ ಹೊತ್ತನ್ನು ಹೇಳಬೇಕು. ಅರವತ್ತೇಳು ಕೋಟಿ ಅಂಕಿಗಳನ್ನು ಬುಡದಿಂದ ಮತ್ತೆ ಲೆಕ್ಕ ಹಾಕಬೇಕಿತ್ತು. ನಮ್ಮ ಒಂದು ಯಂತ್ರಕ್ಕೆ ಅದು ಒಂದು ತಿಂಗಳ ಕೆಲಸ. ಮೇಡಂ ಪರಿಚಯದ ಕಾಲೇಜೊಂದರ ಪ್ರಯೋಗಾಲಯಕ್ಕೆ ಹೋಗಿ ಹದಿನಾಲ್ಕು ಕಂಪ್ಯೂಟರುಗಳನ್ನು ತರಗತಿಯಿಲ್ಲದ ಹೊತ್ತಿಗೆ ಕೇಳಿ ಪಡೆದರು. ತೂಬುಗಳನ್ನು ಹದಿನಾಲ್ಕು ಪಾಲು ಮಾಡಿ ಹಂಚಿದೆವು. ಎರಡು ಸಲ ಕರೆಂಟು ಹೋಗಿ ಲೆಕ್ಕ ನಡುವೆಯೇ ನಿಂತುಹೋಯಿತು. ಎರಡನೆಯ ಸಲ ನಾನು ಕೈಚೆಲ್ಲಿ ಕೂತಾಗ ಅವರು ಕುರ್ಚಿ ಎಳೆದುಕೊಂಡು, “ಎಷ್ಟನೇ ತೂಬಿಗೆ ನಿಂತಿದೆ, ಹೇಳು,” ಎಂದರು. ಹೇಳಿದೆ. ಅಲ್ಲಿಂದ ಮುಂದುವರಿಸಿದೆವು. ಒಂಬತ್ತನೆಯ ದಿನ ಚಿತ್ರ ಬಂತು. ಗಾಢವಾಗಿದ್ದ ಕಡೇ ತೂಬುಗಳು ಹಾಳೆಯಷ್ಟು ಬೆಳ್ಳಗಾಗಿದ್ದವು. ವಾರದ ನೂರ ಅರವತ್ತೆಂಟು ಗಂಟೆಗಳಲ್ಲಿ ಅಲ್ಲಿ ನೀರಿದ್ದದ್ದು ಹದಿನೆಂಟು ಗಂಟೆ.

ಸಭೆಯಲ್ಲಿ ಅವರು ಪೀಠಿಕೆ ಹಾಕಲಿಲ್ಲ. “ಮಾರ್ಚಿನಲ್ಲಿ ನಾವು ತೋರಿಸಿದ ಚಿತ್ರ ತಪ್ಪು. ಇದು ಸರಿಯಾದದ್ದು,” ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಪರದೆಯ ಮೇಲೆ ಹಾಕಿದರು. ಅಧ್ಯಕ್ಷರಿಗೆ ಸಿಟ್ಟು ಬಂತು. ಅದು ಸಹಜವೇ ಆಗಿತ್ತು.

“ಆರು ತಿಂಗಳ ಹಿಂದೆ ನೀವೇ ತಾನೇ ಸಹಿ ಹಾಕಿ ಕೊಟ್ಟಿದ್ದು? ಈಗ ತಪ್ಪು ಅಂತೀರಿ. ಯಾರು ಮಾಡಿದ್ದು ಇದನ್ನ?”

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಏಳಬೇಕೆಂದು ಬೆಂಚಿನ ಅಂಚು ಹಿಡಿದೆ. ಏಳಲಿಲ್ಲ.

“ಕೆಳಗಿರೋ ಸಹಿ ನಂದು ಸರ್,” ಎಂದರು ಮೇಡಂ. “ಬರಕೊಳ್ಳಿ. ಆದ್ರೆ ಮೊದಲು ಕಡೇ ತೂಬಿನ ಅರ್ಜಿ ತೀರ್ಮಾನ ಆಗ್ಲಿ. ಅವ್ರು ಹೊರಗೆ ಕಾಯ್ತಾ ಇದಾರೆ.”

ಅಂದೇ ಕಡೇ ತೂಬಿಗೆ ಬುಧವಾರ, ಶುಕ್ರವಾರಗಳ ಸರದಿ ಮಂಜೂರಾಯಿತು. ಆ ಸಾಲಿನ ನಾಟಿಯ ಹದ ಮಾತ್ರ ಮೀರಿ ಹೋಗಿತ್ತು. ಅದನ್ನು ಯಾವ ಚಿತ್ರವೂ ತಿರುಗಿ ತಂದುಕೊಡಲಿಲ್ಲ. ಹೊರಗೆ ಬಂದಾಗ ದೊಡ್ಡತಾಯಮ್ಮ ಮೇಡಂ ಅವರಿಗೆ, “ತಪ್ಪಾಯ್ತು ಅಂತ ನಿಂತ್ಕಂಡ್ ಏಳ್ದ ಆಪೀಸ್ನೋರ್ನ ಇವತ್ತೇ ಕಣವ್ವ ನೋಡ್ತಿರಾದು,” ಎಂದರು. ಮೇಡಂ, “ಮಂಗಳವಾರ ಬಂದು ನೋಡ್ಬೇಕಿತ್ತು ನಾವು,” ಎಂದಷ್ಟೇ ಹೇಳಿದರು.

ಹಿಂದಿರುಗುವಾಗ ಜೀಪಿನಲ್ಲಿ ನಾನು, ನಾಳೆಯೇ ಸಮಿತಿಗೆ ಕಾಗದ ಬರೆದು ತಪ್ಪು ನನ್ನದೆಂದು ತಿಳಿಸುತ್ತೇನೆ ಎಂದೆ. ಅವರು, “ನಿಂದು ಗುತ್ತಿಗೆ. ನಿನ್ ಹೆಸ್ರು ಬಂದ್ರೆ ನಾಳೆಯಿಂದ ಬರಬೇಡ ಅಂತಾರೆ. ಈ ತಪ್ಪು ಹೆಂಗಾಯ್ತು ಅಂತ ಪೂರ್ತಿ ಗೊತ್ತಿರೋನು ನೀನೊಬ್ನೇ. ನಿನ್ನ ಕಳ್ಕೊಂಡ್ರೆ ಮುಂದೆ ಬರೋನು ಮತ್ತೆ ಇದೇ ಮಾಡ್ತಾನೆ. ಕಾಯಂ ಆಗ್ಲಿ, ಆಮೇಲೆ ನೀನೇ ಹೇಳ್ತೀಯ,” ಎಂದರು.

ಆ ವರ್ಷದ ಕೊನೆಗೆ ಮೈಸೂರಿನಲ್ಲಿ ತೆರೆದ ದೊಡ್ಡ ಕೇಂದ್ರದ ಮುಖ್ಯಸ್ಥರ ಹುದ್ದೆಗೆ ಮೇಡಂ ಅವರ ಹೆಸರು ಮೊದಲನೆಯದಾಗಿತ್ತು. ಕಡತದಲ್ಲಿ ಆ ಟಿಪ್ಪಣಿ ಇದ್ದುದರಿಂದ ಹುದ್ದೆ ಬೇರೆಯವರಿಗೆ ಹೋಯಿತು. ೨೦೧೯ರ ಜುಲೈಯಲ್ಲಿ ನಾನು ಕಾಯಂ ಆದೆ. ಹೇಳಬೇಕಾದ ದಿನ ಅಂದೇ ಬಂದಿತ್ತು. ಅಂದು ಹೇಳಲಿಲ್ಲ. ಮೊದಲು ಪ್ರೊಬೇಷನ್ ಅವಧಿ ಮುಗಿಯಲಿ ಎಂದುಕೊಂಡೆ. ಅನಂತರ ಮಗಳು ಚಿನ್ನು ಹುಟ್ಟಿದಳು. ಅನಂತರ, ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂಬ ಭಯವೇ ಒಂದು ಕಾರಣವಾಯಿತು. ಮೇಡಂ ಒಂದು ದಿನವೂ ನೆನಪಿಸಲಿಲ್ಲ. ಪಕ್ಕದ ಮೇಜಿನಲ್ಲಿ ಕೂತು ಎಂದಿನಂತೆ ನನ್ನ ಚಿತ್ರಗಳನ್ನು ತಿದ್ದುತ್ತಿದ್ದರು. ಆ ಎರಡು ಕೋಣೆಯ ಕಚೇರಿಯಲ್ಲಿಯೇ ಏಳು ವರ್ಷ ಕಳೆದರು. ಕಡಿಮೆ, ಹೆಚ್ಚು, ಹೊತ್ತು ಎಂಬ ಮೂರನ್ನೂ ಉಳಿಸಿಕೊಳ್ಳುವ ಅವರ ಕ್ರಮ ಈಗ ನಮ್ಮ ನಾಲ್ಕು ತಾಲ್ಲೂಕುಗಳ ಪ್ರತಿ ಚಿತ್ರಕ್ಕೂ ಅಡಿಪಾಯವಾಗಿದೆ. ಹೊಸ ಚಿತ್ರ ಹೊರಗೆ ಹೋಗುವ ಮುನ್ನ ಅದರಲ್ಲಿರುವ ಊರಿನ ಇಬ್ಬರಿಗೆ ತೋರಿಸಿ ‘ಹೀಗಿದೆಯೇ’ ಎಂದು ಕೇಳುವ ನಿಯಮವೂ ಅವರದೇ.

ಈ ವರ್ಷ ಏಪ್ರಿಲ್‌ನಲ್ಲಿ ಅವರು ನಿವೃತ್ತರಾದರು. ಕೇಂದ್ರದ ಪ್ರಭಾರ ನನಗೆ ಬಂತು. ಮೊದಲ ವಾರದಲ್ಲಿಯೇ ಇಲಾಖೆಗೆ ಕಾಗದ ಬರೆದೆ. ೨೦೧೮ರ ಚಿತ್ರದ ಲೋಪ ನನ್ನದು, ಮೇಡಂ ಅವರ ಕಡತದಿಂದ ಟಿಪ್ಪಣಿಯನ್ನು ತೆಗೆದುಹಾಕಬೇಕು, ನನ್ನ ಮೇಲೆ ಕ್ರಮ ಜರುಗಿಸಬಹುದು ಎಂಬುದು ಅದರ ಸಾರಾಂಶ. ಕಳಿಸುವ ಮೊದಲು ಪ್ರತಿಯನ್ನು ಹಿಡಿದು ಗಂಜಾಂಗೆ ಹೋದೆ. ಬಾಗಿಲು ತೆರೆದವರು ಅವರ ಪತಿ ಶ್ರೀ ಶಮೀಮ್ ಅವರು. ನನ್ನ ಕೈಯಲ್ಲಿದ್ದ ಲಕೋಟೆ ನೋಡಿ ಒಳಗೆ ತಿರುಗಿ, “ನೋಡು, ಬಂದ. ನೀನೇ ಗೆದ್ದೆ,” ಎಂದರು. ಆಮೇಲೆ ನನಗೆ, “ಏಳು ವರ್ಷದಿಂದ ಹೇಳ್ತಾವ್ಳೆ, ಚಲುವರಾಜು ಬಂದೇ ಬತ್ತಾನೆ ಅಂತ. ನಾನು ಬರಾಕಿಲ್ಲ ಬುಡು ಅಂತಿದ್ದೆ. ಕೂತ್ಕ, ಚಾಯ್ ತರ್ತೀನಿ,” ಎಂದರು.

ಮೇಡಂ ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದರು. ಅವರ ಮುಖದಲ್ಲಿ ಸಂತೋಷವನ್ನೋ ದುಃಖವನ್ನೋ ನಾನು ಹುಡುಕುತ್ತಿದ್ದೆ. ಅವರು ಪೆನ್ಸಿಲ್ ಹುಡುಕುತ್ತಿದ್ದರು.

“ಏನು ತಪ್ಪಾಯ್ತು ಅಂತ ಬರೆದಿದೀಯ. ಹೆಂಗಾಯ್ತು ಅಂತ ಎಲ್ಲಿ ಬರೆದಿದೀಯ? ಸೋಮವಾರದ್ದು, ಸರದಿದು, ನೀರುಗಂಟಿ ಹೇಳಿದ್ದು ಒಂದೂ ಇಲ್ಲ. ಬರೀ ಕ್ಷಮಾಪಣೆ ಇಟ್ಕೊಂಡು ಮುಂದಿನೋರು ಏನ್ ಕಲೀತಾರೆ?”

“ಸೇರಿಸ್ತೀನಿ ಮೇಡಂ.”

“ಮತ್ತೆ ಇದು. ‘ಟಿಪ್ಪಣಿ ತೆಗೆದುಹಾಕಬೇಕು’ ಅಂತೆ. ಯಾಕೆ ತೆಗೀಬೇಕು? ರಿಜಿಸ್ಟರು ಪಕ್ಕದಲ್ಲಿಟ್ಟು ನೀನು ತೋರಿಸ್ದೆ, ನಾನು ಒಪ್ಕೊಂಡೆ. ಇಷ್ಟು ನೀಲಿ ಇದೆಯಾ ಅಂತ ಕೇಳಿದೋಳು ಹೋಗಿ ನೋಡ್ಬೇಕಿತ್ತಲ್ಲ. ಸಹಿ ಹಾಕಿದ್ದು ನಾನೇ, ಅದೇನು ಸುಳ್ಳಲ್ಲ. ನಿನ್ ಹೆಸ್ರು ಸೇರ್ಸು. ನನ್ ಹೆಸ್ರು ತೆಗೆಸ್ಬೇಡ.”

“ಆ ಟಿಪ್ಪಣಿಯಿಂದ ನಿಮ್ಮ ಹುದ್ದೆ ಹೋಯ್ತಲ್ಲ ಮೇಡಂ.”

“ಹೋಯ್ತು. ಬೇಜಾರೂ ಆಯ್ತು. ಅದಕ್ಕೆ ಈಗ ಕಡತ ತಿದ್ದಿದ್ರೆ ಆಗಿದ್ದು ಆಗ್ಲಿಲ್ಲ ಅಂತ ಆಗುತ್ತಾ?” ಎಂದವರೇ ಆ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿದರು. ನಾನು ಅವರ ಮಾತಿಗೆ ಮೊದಲ ಬಾರಿ ಎದುರು ಹೇಳಿದೆ. ಅರ್ಧ ಗಂಟೆ ವಾದ ನಡೆಯಿತು. ಚಾಯ್ ತಣ್ಣಗಾಯಿತೆಂದು ಶಮೀಮ್ ಅವರು ಎರಡು ಸಲ ಬಿಸಿ ಮಾಡಿ ತಂದರು. ಕೊನೆಗೆ ಕಾಗದ ನಾಲ್ಕು ಪುಟವಾಯಿತು. ಚಿತ್ರ ಕಟ್ಟಿದವನು ನಾನು, ಪರಿಶೀಲಿಸಿ ಸಹಿ ಹಾಕಿದವರು ಅವರು, ತಪ್ಪನ್ನು ತಾವಾಗಿ ಸಭೆಗೆ ತಂದು ಹನ್ನೊಂದು ದಿನದಲ್ಲಿ ಸರಿಪಡಿಸಿದವರೂ ಅವರೇ ಎಂದು ಅದರಲ್ಲಿದೆ. ಕೊನೆಯ ಮಾತನ್ನು ಅವರು ಹೊಡೆದುಹಾಕಿದ್ದರು. ಮನೆಗೆ ಬಂದು ನಾನು ಮತ್ತೆ ಸೇರಿಸಿದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಕಾಗದವನ್ನು ಇಬ್ಬರ ಕಡತಗಳಿಗೂ ಸೇರಿಸಲಾಗಿದೆ ಎಂದು ಆಗಸ್ಟ್‌ನಲ್ಲಿ ಉತ್ತರ ಬಂದಿದೆ. ನನ್ನ ಪ್ರಭಾರ ಉಳಿಯುವುದೋ ಇಲ್ಲವೋ ಎಂಬುದು ಪರಿಶೀಲನೆಯಲ್ಲಿದೆ. ಈ ಲೇಖನವನ್ನು ಓದಿದ ನಾಗಾರ್ಜುನ ಅವರು, ಅಭಿನಂದನೆಯ ಪುಸ್ತಕದಲ್ಲಿ ಇಂಥದ್ದು ಬೇಕೆ ಎಂದು ಸಂಕೋಚಪಟ್ಟರು. ಮೇಡಂ ಅವರಿಗೇ ಫೋನು ಮಾಡಿ ಕೇಳಿದರಂತೆ. “ಅಂಕಿ ಒಂದೂ ಬಿಟ್ಟು ಹೋಗದ ಹಾಗೆ ಅಚ್ಚು ಹಾಕ್ಸಿ,” ಎಂದಷ್ಟೇ ಅಂದರಂತೆ.

ಅವರು ಈಗ ಸುಮ್ಮನೆ ಕೂತಿಲ್ಲ. ಸಂತೆಬಾಚಹಳ್ಳಿ ಹೋಬಳಿಯ ಕೆರೆಗಳಲ್ಲಿ ಹೂಳು ಎಷ್ಟು ತುಂಬಿದೆ ಎಂಬುದನ್ನು ದೋಣಿಯಿಂದ ಅಳೆಸಿದ ಲಕ್ಷಾಂತರ ಅಂಕಿಗಳನ್ನು ಮನೆಯಲ್ಲಿಯೇ ಕೂತು, ನಾಲ್ಕೂ ಕಡೆಯಿಂದ ತಿರುಗಿಸಿ ನೋಡಬಹುದಾದ ಚಿತ್ರವಾಗಿಸುತ್ತಿದ್ದಾರೆ. ಹೋದ ತಿಂಗಳು ಮೊದಲ ಕೆರೆಯ ಚಿತ್ರವನ್ನು ನನಗೆ ಕಳಿಸಿ, ನೋಡಿ ಹೇಳು ಎಂದರು. ಹೂಳು ಬೆಟ್ಟದ ಹಾಗೆ ಎದ್ದು ಕಾಣುತ್ತಿತ್ತು. ಆ ಕೆರೆ ನನಗೆ ಚೆನ್ನಾಗಿ ಗೊತ್ತು, ಅಲ್ಲಿ ಬೆಟ್ಟವಿಲ್ಲ. ಎತ್ತರವನ್ನು ಇಪ್ಪತ್ತು ಪಟ್ಟು ಹಿಗ್ಗಿಸಿ, ಹಾಗೆ ಹಿಗ್ಗಿಸಿರುವುದನ್ನು ಚಿತ್ರದಲ್ಲಿ ನಮೂದಿಸುವುದನ್ನು ಅವರು ಮರೆತಿದ್ದರು. ಗುರುಗಳ ತಪ್ಪನ್ನು ಹೇಗೆ ಹೇಳುವುದೆಂದು ಮೂರು ದಿನ ಒದ್ದಾಡಿ, ನಾಲ್ಕನೆಯ ದಿನ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಕಾಗದ ಸರಿಸುವ ಸದ್ದು ಕೇಳಿತು.

“ಹೌದು. ತಪ್ಪಿದೆ,” ಎಂದರು. “ಕಳಿಸಿದ್ದು ಸೋಮವಾರ. ಇವತ್ತು ಗುರುವಾರ. ಯಾಕ್ ಕಾದೆ?”

ಇಫ್ಫತ್ ಮೇಡಂ ಅವರಿಗೆ ದೀರ್ಘಾಯುಷ್ಯವೂ ಒಳ್ಳೆಯ ಆರೋಗ್ಯವೂ ಇರಲಿ. ಆ ಹೋಬಳಿಯ ಕೆರೆಗಳೆಲ್ಲ ಮುಗಿದು, ಉಳಿದ ಹೋಬಳಿಗಳ ಕೆರೆಗಳೂ ಅವರ ಕೈಯಲ್ಲಿ ಚಿತ್ರವಾಗಲಿ. ಅವರು ಕಳಿಸುವ ಪ್ರತಿಯೊಂದನ್ನೂ ಬಂದ ದಿನವೇ ನೋಡಿ, ಕಂಡದ್ದನ್ನು ಅಂದೇ ಹೇಳುತ್ತೇನೆ ಎಂದು ಈ ಪುಟದಲ್ಲಿ ಅವರಿಗೆ ಮಾತು ಕೊಡುತ್ತಿದ್ದೇನೆ.

– ಚಲುವರಾಜು, ಸಂತೆಬಾಚಹಳ್ಳಿ